ಡಿಕ್ ಆಲೆನ್ ಬ್ಯಾಟನ್ನು ನಾನು ತೂಗಿ ನೋಡಿದ್ದು ಹೀಗೆ

ಕ್ರಿಕೆಟ್ ಸ್ಕೋರ್ ಲೆಕ್ಕ ಇಟ್ಟುಕೊಂಡು ಬೆಳೆದವನು ನಾನು. ಬೇಸ್‌ಬಾಲ್ ಅಂಕಿಗಳ ಹುಚ್ಚು ಹಿಡಿದಿದ್ದು ಆಮೇಲೆ. ಅದರಲ್ಲಿ ನನ್ನನ್ನು ಜಾಸ್ತಿ ಕಾಡಿದ ಹೆಸರು ಡಿಕ್ ಆಲೆನ್. 1963ರಿಂದ 1977ರವರೆಗೆ ಆಡಿದವನು, ಹೆಚ್ಚು ವರ್ಷ ಫಿಲಡೆಲ್ಫಿಯಾ ಫಿಲ್ಲೀಸ್ ತಂಡಕ್ಕೆ. 1848 ಹಿಟ್ (ಹೊಡೆದು ಬೇಸ್ ತಲುಪಿದ್ದು), 351 ಹೋಮ್ ರನ್ (ನಮ್ಮ ಸಿಕ್ಸರ್ ಥರ), ಬ್ಯಾಟಿಂಗ್ ಆವರೇಜ್, ಅಂದರೆ ಹೊಡೆಯಲು ನಿಂತ ಸಲಕ್ಕೆ ಎಷ್ಟು ಹಿಟ್ ಅನ್ನುವುದು, .292. ಇಷ್ಟೇ ನೋಡಿದರೆ ಒಳ್ಳೆಯ ಆಟಗಾರ ಅನ್ನಬಹುದು, ಅದಕ್ಕಿಂತ ಹೆಚ್ಚಿಲ್ಲ. ಆದರೆ ಅವನ ಆಟವನ್ನು ಕಣ್ಣಾರೆ ಕಂಡವರು ಹೇಳುವುದಕ್ಕೂ ಈ ಅಂಕಿಗೂ ತಾಳೆಯೇ ಆಗುತ್ತಿರಲಿಲ್ಲ. ಸರಿ, ನಾನೇ ಕೂತು ಲೆಕ್ಕ ಹಾಕೋಣ ಅಂದುಕೊಂಡೆ.

ಲಾಹ್ಮನ್ ಡೇಟಾಬೇಸ್ ಅಂತ ಒಂದಿದೆ, ದುಡ್ಡು ಕೊಡಬೇಕಿಲ್ಲ. 1871ರಿಂದ ಆಡಿದವರ ಲೆಕ್ಕ ವರ್ಷವಾರು ಸಿಗುತ್ತದೆ. ಅದನ್ನು ಎಕ್ಸೆಲ್‌ಗೆ ಹಾಕಿಕೊಂಡೆ.

ಮೊದಲು ಬ್ಯಾಟಿಂಗ್ ಆವರೇಜನ್ನು ಬದಿಗಿಟ್ಟೆ. ಅದಕ್ಕೆ ಸಿಂಗಲ್ಲೂ ಒಂದೇ, ಹೋಮ್ ರನ್ನೂ ಒಂದೇ, ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್ ಕೊಡುವ ವಾಕ್ ಸಿಕ್ಕಿದ್ದು ಲೆಕ್ಕಕ್ಕೇ ಇಲ್ಲ. ಅದರ ಬದಲು ಎಷ್ಟು ಸಲ ಬೇಸ್ ತಲುಪಿದ ಅನ್ನುವ ಆನ್-ಬೇಸ್, ಎಷ್ಟು ಜೋರಾಗಿ ಹೊಡೆದ ಅನ್ನುವ ಸ್ಲಗಿಂಗ್, ಎರಡನ್ನೂ ಕೂಡಿಸಿದರೆ ಬರುವ ಓಪಿಎಸ್ ತೆಗೆದುಕೊಂಡೆ. ಆಲೆನ್‌ದು .378 ಮತ್ತು .534, ಒಟ್ಟು .912.

ಇಲ್ಲಿಗೇ ನಿಲ್ಲಿಸಿಬಿಟ್ಟರೆ ಅನ್ಯಾಯ ಆಗುತ್ತದೆ, ಯಾಕೆಂದರೆ ಅವನು ಆಡಿದ್ದು ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಮೆರೆದ ಕಾಲದಲ್ಲಿ. ಅಲ್ಲಿ ಲೀಗ್ ಎರಡು, ನ್ಯಾಷನಲ್ ಮತ್ತು ಅಮೆರಿಕನ್. 1930ರಲ್ಲಿ ಇಡೀ ನ್ಯಾಷನಲ್ ಲೀಗ್‌ನ ಆವರೇಜೇ .303 ಇತ್ತು. 1968ರಲ್ಲಿ ಅಮೆರಿಕನ್ ಲೀಗ್‌ನಲ್ಲಿ .300 ದಾಟಿದವನು ಒಬ್ಬನೇ, ಕಾರ್ಲ್ ಯಸ್ಟ್ರೆಮ್ಸ್ಕಿ, ಅದೂ .301. ಕೊನೆಗೆ 1969ರಲ್ಲಿ ಪಿಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10 ಇಂಚಿಗೆ ಇಳಿಸಬೇಕಾಯಿತು. ಹಾಗಾಗಿ ಪ್ರತಿ ವರ್ಷದ ಆನ್-ಬೇಸ್, ಸ್ಲಗಿಂಗ್ ಎರಡನ್ನೂ ಆ ವರ್ಷದ ಲೀಗ್ ಸರಾಸರಿಯಿಂದಲೇ ಭಾಗಿಸಬೇಕು. ಎರಡು ಭಾಗಲಬ್ಧ ಕೂಡಿಸಿ, ಒಂದು ಕಳೆದು, ನೂರರಿಂದ ಗುಣಿಸಿದರೆ ಓಪಿಎಸ್ ಪ್ಲಸ್. 100 ಅಂದರೆ ಸಾಧಾರಣ ಬ್ಯಾಟರ್.

ನಾನು ಎಡವಿದ್ದು ಇಲ್ಲೇ. 1972ರಲ್ಲಿ ಶಿಕಾಗೋ ವೈಟ್ ಸಾಕ್ಸ್ ಪರ ಆಲೆನ್ ಆನ್-ಬೇಸ್ .420, ಸ್ಲಗಿಂಗ್ .603. ಲೀಗ್‌ದು .306 ಮತ್ತು .343. ನನಗೆ ಬಂದ ಉತ್ತರ 213. ಎಲ್ಲರೂ ಬರೆಯುವುದು 199. ಎರಡು ರಾತ್ರಿ ಸೂತ್ರ ತಿದ್ದಿದೆ, ಸರಿಹೋಗಲಿಲ್ಲ. ಆಮೇಲೆ ಹೊಳೆಯಿತು. ಆ ವರ್ಷ ಪಿಚರ್‌ಗಳೂ ಬ್ಯಾಟ್ ಮಾಡುತ್ತಿದ್ದರು, ಅಮೆರಿಕನ್ ಲೀಗ್‌ಗೆ ಪಿಚರ್ ಬದಲು ಬ್ಯಾಟ್ ಮಾಡುವ ಡೆಸಿಗ್ನೇಟೆಡ್ ಹಿಟ್ಟರ್ ಬಂದಿದ್ದು 1973ರಲ್ಲಿ. ಪಿಚರ್‌ಗಳ ಕಳಪೆ ಬ್ಯಾಟಿಂಗ್ ಸೇರಿ ಲೀಗ್ ಸರಾಸರಿ ಕೆಳಗೆ ಬಿದ್ದಿತ್ತು, ಆಲೆನ್ ಇನ್ನೂ ಎತ್ತರ ಕಾಣುತ್ತಿದ್ದ. ಅವರನ್ನು ತೆಗೆದು, ಕೆಲವು ಮೈದಾನದಲ್ಲಿ ರನ್ ಸುಲಭ, ಕೆಲವದರಲ್ಲಿ ಕಷ್ಟ ಅನ್ನುವ ಮೈದಾನದ ಹೊಂದಾಣಿಕೆಯನ್ನೂ ಸೇರಿಸಬೇಕು. ನಿಮ್ಮ ಉತ್ತರ ಜಾಸ್ತಿ ಬಂದರೆ ಮೊದಲು ಇದನ್ನೇ ನೋಡಿ.

ಮೈದಾನ ಎಷ್ಟು ದೊಡ್ಡ ವಿಷಯ ಅನ್ನುವುದು ಕೊಲರಾಡೊ ರಾಕೀಸ್ ಬ್ಯಾಟರ್ ಟಾಡ್ ಹೆಲ್ಟನ್ ಅಂಕಿ ನೋಡಿದಾಗ ಗೊತ್ತಾಯಿತು. 2000ದಲ್ಲಿ ಚೆಂಡು ದೂರ ಹಾರುವ ಡೆನ್ವರ್‌ನ ತೆಳು ಗಾಳಿಯಲ್ಲಿ ಅವನ ಓಪಿಎಸ್ 1.162, ಆಲೆನ್‌ದು 1972ರಲ್ಲಿ 1.023. ಓಪಿಎಸ್ ಪ್ಲಸ್ ಹಾಕಿದರೆ ಹೆಲ್ಟನ್ 163, ಆಲೆನ್ 199!

ಕೊನೆಗೆ ಓರಗೆಯವರು. 1964ರಿಂದ 1974ರವರೆಗೆ ಕನಿಷ್ಠ 5000 ಸಲ ಬ್ಯಾಟ್ ಹಿಡಿದವರನ್ನು ಮಾತ್ರ ಇಟ್ಟುಕೊಂಡು ಪಟ್ಟಿ ಮಾಡಿದೆ. ಹ್ಯಾಂಕ್ ಆರನ್, ಫ್ರಾಂಕ್ ರಾಬಿನ್ಸನ್, ವಿಲ್ಲಿ ಮೆಕೋವಿ ಎಲ್ಲರೂ ಇದ್ದಾರೆ. ಎಲ್ಲರಿಗಿಂತ ಮೇಲೆ ಆಲೆನ್, 165ರ ಆಸುಪಾಸು. ಸುಮ್ನೆ ನೋಡುತ್ತಾ ಕೂತೆ. ಕಪ್ಪು ಆಟಗಾರ ಅಂತ ಬೈಗುಳ ಕೇಳಿ, ತನ್ನ ತವರಿನ ಜನರೇ ಎಸೆದ ವಸ್ತುಗಳಿಂದ ತಪ್ಪಿಸಿಕೊಳ್ಳಲು ಫೀಲ್ಡಿಂಗ್‌ನಲ್ಲೂ ಹೆಲ್ಮೆಟ್ ಹಾಕಿಕೊಂಡವನು ಅವನು. ಅದು ಯಾವ ಕಾಲಮ್ಮಿಗೂ ಬರುವುದಿಲ್ಲ ಅಲ್ವಾ?

ಹಾಗಂತ ಆರನ್‌ಗಿಂತ ದೊಡ್ಡವನು ಅನ್ನುವುದಿಲ್ಲ. ಇಡೀ ವೃತ್ತಿ ತೆಗೆದುಕೊಂಡರೆ ಇಬ್ಬರೂ 155ರ ಹತ್ತಿರವೇ, ಆದರೆ ಆರನ್ ಅದನ್ನು 3298 ಪಂದ್ಯ ಉಳಿಸಿಕೊಂಡ. ಆಲೆನ್ ಆಡಿದ್ದು 1749. ಬ್ಯಾಟ್ ಹಿಡಿದು ನಿಂತಷ್ಟು ಹೊತ್ತು ಸರಿಸಮ, ನಿಂತ ಹೊತ್ತು ಕಡಿಮೆ. ನನ್ನ ತೀರ್ಮಾನ ಇದು, ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಇಷ್ಟು ಧಾರಾಳ ಸಾಕು ಅಂತಲೂ ನನ್ನ ನಂಬಿಕೆ. 2014ರಲ್ಲೂ 2021ರಲ್ಲೂ ಒಂದೇ ಒಂದು ಮತ ಸಾಲದೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಆಯ್ಕೆಯಾದಾಗ ಆಲೆನ್ ತೀರಿಕೊಂಡು ನಾಲ್ಕು ವರ್ಷ ಆಗಿತ್ತು.