ಮೇ ತಿಂಗಳ ಮುಂಬೈಯಲ್ಲಿ ಗಾಳಿ ನೋಡಿ ತಿರುಗಿದ್ದು

ಎಂಟು ದಿನಕ್ಕೆ ಅಂತ ಮುಂಬೈಗೆ ಬಂದವನು ಮೊದಲ ಐದು ದಿನ ಬಿಸಿಲಿಗೆ ಬಲಿಯಾದೆ. ಊರು ಸರಿಯಾಗಿ ನೋಡಿದ್ದು ಕೊನೆಯ ಮೂರು ದಿನ.

ನಾನು ಧಾರವಾಡದವನು. ಮೇ ತಿಂಗಳಲ್ಲಿ ನಮ್ಮಲ್ಲಿ 37 ಡಿಗ್ರಿ ಮಾಮೂಲು. ಮುಂಬೈಯಲ್ಲಿ 34 ಅಂತ ನೋಡಿ ಧೈರ್ಯವಾಗಿ ಹೊರಟಿದ್ದೆ. ಆದರೆ ನಮ್ಮೂರಲ್ಲಿ ಬೆವರು ಬಂದಷ್ಟೇ ಬೇಗ ಆರುತ್ತದೆ. ಇಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದೂ ಇಲ್ಲ. ಎರಡನೇ ದಿನ ಮಟಮಟ ಮಧ್ಯಾಹ್ನ ಗೇಟ್‌ವೇ ಆಫ್ ಇಂಡಿಯಾ ಮುಂದೆ ನಿಂತಿದ್ದಾಗ ತಲೆ ಸುತ್ತು ಬಂತು. ಕಮಾನಿನ ಕಲ್ಲಿಗೆ ಕೈ ಊರಿದರೆ ಕಾದ ಹಂಚಿನ ಹಾಗಿತ್ತು.

ಉಳಿದುಕೊಂಡಿದ್ದು ಮಾಟುಂಗಾದ ಕಾಕು, ಅಂದರೆ ಚಿಕ್ಕಮ್ಮನ ಮನೆಯಲ್ಲಿ. ಐದನೇ ದಿನ ರಾತ್ರಿ ಅವರು ಕೋಕಂ ಶರಬತ್ತಿಗೆ ಉಪ್ಪು, ಜೀರಿಗೆ ಪುಡಿ ಹಾಕಿ ಕೊಟ್ಟು, "ತಮ್ಮಾ, ಇಲ್ಲಿ ಗಡಿಯಾರ ನೋಡಿ ತಿರಗಬಾರದು. ಗಾಳಿ ನೋಡಿ ತಿರಗಬೇಕು" ಅಂದರು.

ಮರುದಿನದಿಂದ ಹಾಗೇ ಮಾಡಿದೆ. ಬೆಳಿಗ್ಗೆ ಆರೂವರೆಗೆ ಮಾಟುಂಗಾದ ಹೂವಿನ ಅಂಗಡಿಗಳ ಸಾಲು. ನೀರು ಚಿಮುಕಿಸಿದ ಮಲ್ಲಿಗೆ ಮಾಲೆಗಳ ಪಕ್ಕದಲ್ಲಿ ನಡೆದರೆ ಸುಮ್ನೆ ಅಲ್ಲೇ ನಿಲ್ಲೋಣ ಅನಿಸುತ್ತದೆ. ಆಮೇಲೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆ ಹೋಗುವ ಲೋಕಲ್ ರೈಲು. ದಕ್ಷಿಣಕ್ಕೆ ಹೋಗುವ ಗಾಡಿ ಆದ್ದರಿಂದ ಬೆಳಗಿನ ಬಿಸಿಲು ಎಡಗಡೆ ಬೀಳುತ್ತದೆ, ಬಲಗಡೆ ಕೂತೆ. ಬಿಸಿಲೇರುವ ಹೊತ್ತಿಗೆ ಕಾಲಾ ಘೋಡಾದ ಮ್ಯೂಸಿಯಂ ಒಳಗೆ. 1922ರಲ್ಲಿ ಜನರಿಗೆ ತೆರೆದ ಕಟ್ಟಡ ಅದು. ನಕ್ಷೆ ಮಾಡಿದ್ದು ಜಾರ್ಜ್ ವಿಟೆಟ್, ಗೇಟ್‌ವೇ ನಕ್ಷೆಯೂ ಅವರದೇ. ದಪ್ಪ ಗೋಡೆ, ಎತ್ತರದ ಗುಮ್ಮಟ. ಹೊರಗಿನ ಸೆಕೆ ಬಾಗಿಲಲ್ಲೇ ಉಳಿಯುತ್ತದೆ.

ಊಟಕ್ಕೆ ಮತ್ತೆ ಮಾಟುಂಗಾ, ಸ್ಟೇಷನ್ ಹತ್ತಿರದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆಯುತ್ತಿದೆ. ಬಾಳೆ ಎಲೆ ಮೇಲೆ ಬಿಸಿ ಅನ್ನ, ಸಾರು, ಕೊನೆಗೆ ಮಜ್ಜಿಗೆ. ಸೆಕೆಗೆ ಬಿಸಿ ಸಾರು ಯಾಕೆ ಅಂತ ಕೇಳಬಹುದು. ನನಗಂತೂ ಅದನ್ನು ಉಂಡ ಮೇಲೇ ಜೀವ ಬಂದಿತ್ತು. ನಂತರ ನಾಲ್ಕರ ತನಕ ಫ್ಯಾನಿನ ಕೆಳಗೆ ನಿದ್ದೆ.

ಸಂಜೆಯ ಮಾತೇ ಬೇರೆ. ಹಗಲು ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ಬಿಸಿಗಾಳಿ ಮೇಲೇರಿದ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ, ಅದೂ ಪಶ್ಚಿಮದಿಂದ. ಗೇಟ್‌ವೇ ಇರುವುದು ಪೂರ್ವದ ಬಂದರಿನ ಕಡೆ. ಗಾಳಿ ಇಡೀ ಪೇಟೆ ದಾಟಿ, ಕಟ್ಟಡಗಳ ಸೆಕೆ ಹೊತ್ತು ಅಲ್ಲಿಗೆ ಬರಬೇಕು. ಮರೀನ್ ಡ್ರೈವ್ ಪಶ್ಚಿಮಕ್ಕೆ ಮುಖ ಮಾಡಿ ಕೂತಿದೆ. ಅಲ್ಲಿ ಗಾಳಿ ನೇರ ಎದೆಗೇ ಬಡಿಯುತ್ತದೆ. ಒಂದೇ ಊರು, ಎರಡು ದಂಡೆ, ಎಷ್ಟು ವ್ಯತ್ಯಾಸ ಅಲ್ವಾ?

ಕೊನೆಯ ಸಂಜೆ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಬೆನ್ನಿಗೆ ಅಂಟಿದ್ದ ಅಂಗಿ ಹತ್ತೇ ನಿಮಿಷದಲ್ಲಿ ಬಿಟ್ಟುಕೊಂಡಿತು. ಚೀಲದ ಕಪ್ಪು ಪಟ್ಟಿಯ ಮೇಲೆ ಒಣಗಿದ ಬೆವರು ಬಿಳಿ ಉಪ್ಪಿನ ಗೆರೆಯಾಗಿ ನಿಂತಿತ್ತು. ರಾತ್ರಿ ದಾದರಿನಿಂದ ಹುಬ್ಬಳ್ಳಿ ಕಡೆಯ ರೈಲಿತ್ತು. ದೀಪ ಹತ್ತುವ ತನಕ ಏಳಲು ಮನಸ್ಸಾಗಲಿಲ್ಲ.