ಸ್ಪಾಂಡೌ ಗ್ಯಾರೇಜಿನಲ್ಲಿ ಆರ್ 60/5: ನನ್ನ ಅನುಭವ

ಎಡಗಡೆ ಸಿಲಿಂಡರಿನ ಅಡಿಯಲ್ಲಿ ತೊಟ್ಟಿಕ್ಕುತ್ತಿದ್ದ ಆಯಿಲನ್ನು ನಿಲ್ಲಿಸಬೇಕು ಎಂದಷ್ಟೇ ನಾನು ಸ್ಪ್ಯಾನರ್ ಹಿಡಿದದ್ದು. ಕೊನೆಗೆ ಇಡೀ ಗಾಡಿ ಬಿಚ್ಚಿ ಜೋಡಿಸುವುದರಲ್ಲಿ ಒಂದು ಚಳಿಗಾಲವೇ ಕಳೆಯಿತು.

ನನ್ನದು 1971ರ ಬಿಎಂಡಬ್ಲ್ಯು ಆರ್ 60/5 ಮೋಟಾರ್‌ಸೈಕಲ್. ಬರ್ಲಿನ್ನಿಗೆ ಕೆಲಸಕ್ಕೆ ಬಂದ ನಾಲ್ಕನೇ ವರ್ಷ ಕೊಂಡೆ. ಅಷ್ಟು ಹೊತ್ತಿಗೆ ಅದು ಹತ್ತು ವರ್ಷ ನಿಂತಲ್ಲೇ ನಿಂತಿತ್ತು. ನಾನು ಬಾಡಿಗೆಗೆ ಹಿಡಿದ ಗ್ಯಾರೇಜು ಇರುವುದು ಬರ್ಲಿನ್ನಿನದೇ ಭಾಗವಾದ ಸ್ಪಾಂಡೌನಲ್ಲಿ. ಈ ಗಾಡಿ ತಯಾರಾದ ಕಾರ್ಖಾನೆಯೂ ಅದೇ ಸ್ಪಾಂಡೌನಲ್ಲಿದೆ. ಮೈಸೂರಿನಲ್ಲಿ ಅಪ್ಪನ ಯೆಜ್ಡಿಯನ್ನು ಹಲವು ಸಲ ಬಿಚ್ಚಿದ್ದ ಧೈರ್ಯ ನನಗಿತ್ತು. ಆದರೆ ಅದು ಟೂ ಸ್ಟ್ರೋಕ್, ಅದಕ್ಕೆ ವಾಲ್ವೂ ಇಲ್ಲ, ವಾಲ್ವನ್ನು ತೆರೆಯಲು ತಳ್ಳುವ ಕಡ್ಡಿ ಅಂದರೆ ಪುಶ್‌ರಾಡೂ ಇಲ್ಲ.

ಸಿಲಿಂಡರ್ ಹೊರಗೆ ಎಳೆದಾಗ ಸೋರುವ ಜಾಗ ಕಂಡಿತು. ಎರಡು ಪುಶ್‌ರಾಡ್ ಕೊಳವೆಗಳು ಎಂಜಿನ್ನಿನ ನಡುವಿನ ಡಬ್ಬವಾದ ಕ್ರ್ಯಾಂಕ್‌ಕೇಸಿಗೆ ಸೇರುವಲ್ಲಿ ಇರುವ ರಬ್ಬರುಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಕೊಳವೆಗಳು ಇದ್ದದ್ದು ಸಿಲಿಂಡರಿನ ಕೆಳಗೆ. ಇದಕ್ಕೂ ಮೊದಲಿನ ಆರ್ 69 ಎಸ್‌ನಂಥ ಗಾಡಿಗಳಲ್ಲಿ ಅವು ಮೇಲಿರುತ್ತಿದ್ದವು. ಯಾಕೆ ಕೆಳಗೆ ತಂದರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರ ಎಂಜಿನ್ನಿನೊಳಗೇ ಇತ್ತು. ಪೋರ್ಶೆಯಿಂದ ಬಂದಿದ್ದ ಹಾನ್ಸ್ ಗುಂಟರ್ ಫಾನ್ ಡೆರ್ ಮಾರ್ವಿಟ್ಸ್ ಮುಂದಾಳತ್ವದಲ್ಲಿ ಈ /5 ಸರಣಿ ರೂಪುಗೊಂಡು 1969ರಲ್ಲಿ ಹೊರಬಂತು. ಪಿಸ್ಟನ್ನುಗಳು ತಿರುಗಿಸುವ ದಂಡ ಕ್ರ್ಯಾಂಕ್, ಪುಶ್‌ರಾಡುಗಳನ್ನು ತಳ್ಳುವ ದಂಡ ಕ್ಯಾಮ್‌ಶಾಫ್ಟ್. ಹಳೆಯ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಮೇಲಿದ್ದ ಕ್ಯಾಮ್‌ಶಾಫ್ಟನ್ನು ಇವರು ಕೆಳಕ್ಕೆ ಇಳಿಸಿದರು, ಅದನ್ನು ತಿರುಗಿಸಲು ಗೇರುಗಳ ಬದಲು ಚೈನ್ ಹಾಕಿದರು. ಕ್ಯಾಮ್ ಕೆಳಗೆ ಹೋದರೆ ಕ್ರ್ಯಾಂಕ್ ಮೇಲೇರುತ್ತದೆ, ಅದರ ಜೊತೆ ಎರಡೂ ಕಡೆ ಚಾಚಿಕೊಂಡ ಸಿಲಿಂಡರುಗಳೂ ಮೇಲೇರುತ್ತವೆ. ತಿರುವಿನಲ್ಲಿ ಗಾಡಿಯನ್ನು ಇನ್ನಷ್ಟು ವಾಲಿಸಿದರೂ ಅವು ನೆಲಕ್ಕೆ ತಾಗುವುದಿಲ್ಲ. ಸಿಲಿಂಡರಿನ ತುದಿಯಲ್ಲಿ ವಾಲ್ವುಗಳಿರುವ ಹೆಡ್ಡಿಗೆ ಹೋದ ಆಯಿಲ್ ಅದೇ ಕೊಳವೆಗಳಲ್ಲಿ ತಾನಾಗಿ ಕೆಳಗಿಳಿದು ಬರುತ್ತದೆ. ನನ್ನ ಗ್ಯಾರೇಜಿನ ನೆಲಕ್ಕೆ ಬೀಳುತ್ತಿದ್ದದ್ದು ಹೀಗೆ ವಾಪಸ್ಸು ಬರುತ್ತಿದ್ದ ಆಯಿಲೇ.

ನನಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ್ದು ಕ್ರ್ಯಾಂಕ್. ಹಳೆಯದು ತುಂಡುಗಳನ್ನು ಒತ್ತಿ ಕೂರಿಸಿ, ರೋಲರ್ ಬೇರಿಂಗ್ ಹಾಕಿ ಕಟ್ಟಿದ್ದು. ಸವೆದರೆ ಪ್ರೆಸ್ ಇರುವ ನುರಿತವರ ಹತ್ತಿರವೇ ಹೋಗಬೇಕು. ಇದು ಕಾರಿನದರಂತೆ ಒಂದೇ ತುಂಡಿನಲ್ಲಿ ಫೋರ್ಜ್ ಮಾಡಿದ್ದು, ಬೇರಿಂಗ್ ಶೆಲ್ ಎಂಬ ತೆಳು ಅರ್ಧ ಬಳೆಗಳು ಕೂರುವಂಥದ್ದು. ಕನೆಕ್ಟಿಂಗ್ ರಾಡಿನ ಶೆಲ್‌ಗಳನ್ನು ನಾನೇ ಬದಲಿಸಿದೆ. ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, ಸರಣಿಯ ಮೂರೂ ಮಾದರಿಗಳಿಗೆ ಒಂದೇ, 70.6 ಮಿಲಿಮೀಟರ್. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ ಮಾತ್ರ ಬೇರೆ: ಆರ್ 50/5ಕ್ಕೆ 67, ನನ್ನದಕ್ಕೆ 73.5, ಆರ್ 75/5ಕ್ಕೆ 82. ಮುಂದೆ ಇದೇ ಮೂಲ ಎಂಜಿನ್ 1000 ಸಿಸಿವರೆಗೆ ಬೆಳೆಯಿತು, 1990ರ ದಶಕದ ನಡುವಿನವರೆಗೂ ಬಾಳಿತು.

ಹೊಸ ರಬ್ಬರ್ ಹಾಕಿ ಜೋಡಿಸಿದೆ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನು ಜಾರದಂತೆ ಹಿಡಿಯುವ ಸರ್ಕ್ಲಿಪ್ ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕುವುದನ್ನು ಮಾತ್ರ ಯಾರೂ ಮರೆಯಬೇಡಿ. ಅದು ಹಾರಿ ಒಳಗೆ ಬಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕಾದೀತು. ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಎಂಜಿನ್ನಿನ ಪಕ್ಕದ ಕಿಂಡಿಯಲ್ಲಿ ಪಿಸ್ಟನ್ ತುದಿ ಮುಟ್ಟಿದ್ದನ್ನು ತೋರಿಸುವ, ಫ್ಲೈವೀಲಿನ ಮೇಲಿನ ‘ಓಟಿ’ ಗುರುತು ಬರುವಂತೆ ನಿಲ್ಲಿಸಿದೆ. ಫೀಲರ್ ಗೇಜ್ ಇಟ್ಟು ಟಪೆಟ್, ಅಂದರೆ ವಾಲ್ವಿನ ಬಳಿಯ ಸಂದು ಹೊಂದಿಸಿದೆ: ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿಲಿಮೀಟರ್. ಸಿಲಿಂಡರ್ ಪಕ್ಕಕ್ಕೆ ಚಾಚಿರುವುದರಿಂದ ಸ್ಟೂಲ್ ಎಳೆದುಕೊಂಡು ಕೂತರೆ ಹೆಡ್ಡು ಎದೆಯ ಮುಂದೇ ಇರುತ್ತದೆ. ಟ್ಯಾಂಕ್ ತೆಗೆಯುವ ಗೋಜೇ ಇಲ್ಲ.

ಆದರೂ ಎರಡೇ ದಿನಕ್ಕೆ ಮತ್ತೆ ಆಯಿಲ್ ಸೋರಿತು. ರಬ್ಬರು ಹೊಸದೇ, ಅದನ್ನು ಒತ್ತಿ ಹಿಡಿಯಬೇಕಾದ ಕೊಳವೆಯ ಬಳೆ ಸರಿಯಾಗಿ ಕೂತಿರಲಿಲ್ಲ. ಬಳೆಯ ಮೇಲೆ ಕೂರುವಂಥ ಅರ್ಧ ಕೊಳವೆಯ ಆಕಾರದ ಉಪಕರಣ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬಳೆ ಸರಿದು ರಬ್ಬರನ್ನು ಬಿಗಿಯಾಗಿ ಒತ್ತಿತು. ಸಿಲಿಂಡರ್ ಮತ್ತೆ ತೆಗೆಯಬೇಕಾಗಲಿಲ್ಲ.

ಅಪ್ಪ ಫೋನ್ ಮಾಡಿದಾಗ, “ಚೈನು ಎಷ್ಟು ಸಡಿಲ ಬಿಡ್ಬೇಕೋ ಅದಕ್ಕೆ?” ಅಂದರು.

“ಹಿಂದಿನ ಚಕ್ರಕ್ಕೆ ಚೈನೇ ಇಲ್ಲ ಅಪ್ಪ, ಶಾಫ್ಟು. ಆ ಚಕ್ರ ಹಿಡಿದಿರೋ ಸ್ವಿಂಗ್‌ಆರ್ಮಿನ ಬಲಗಡೆ ಕೊಳವೆಯೊಳಗೆ ಆಯಿಲಿನಲ್ಲಿ ತಿರುಗ್ತಾ ಇರುತ್ತೆ.”

“ಹಾಗಾದ್ರೆ ಕೆಲಸವೇ ಇಲ್ಲ ಅನ್ನು.”

ಕೆಲಸ ಇದೆ. ಕ್ಲಚ್ ಪ್ಲೇಟು ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಕೂರುವ ಹಲ್ಲುಗಳಿಗೆ ಆಗಾಗ ಗ್ರೀಸ್ ಹಚ್ಚದಿದ್ದರೆ ಅವು ಒಣಗಿ ಸವೆಯುತ್ತವೆ. ನನ್ನದರಲ್ಲಿ ತುಕ್ಕಿನ ಪುಡಿ ಸಿಕ್ಕಿತು, ಪುಣ್ಯಕ್ಕೆ ಹಲ್ಲು ಉಳಿದಿದ್ದವು. ಅಲ್ಲಿಗೆ ಕೈ ತಲುಪಲು ಬ್ಯಾಟರಿ, ಏರ್ ಫಿಲ್ಟರಿನ ಕವಚ ಕಳಚಿ, ಶಾಫ್ಟಿನ ನಾಲ್ಕು ಬೋಲ್ಟ್ ಬಿಚ್ಚಿ, ಸ್ವಿಂಗ್‌ಆರ್ಮ್ ಹಿಂದಕ್ಕೆ ಸರಿಸಿ, ಗೇರ್‌ಬಾಕ್ಸ್ ಹಿಂದಕ್ಕೆ ಎಳೆಯಬೇಕು. ಹಳೆಯ /5 ಕೊಳ್ಳುವವರು ಬಣ್ಣಕ್ಕಿಂತ ಮೊದಲು ಇದನ್ನು ವಿಚಾರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಂಜಿನ್ನಿನ ಮುಂದಿನ ಮುಚ್ಚಳ ತೆಗೆಯುವ ಮುನ್ನ ಬ್ಯಾಟರಿಯ ಅರ್ಥಿಂಗ್ ತಂತಿ ಕಳಚಲೇಬೇಕು. ಮುಚ್ಚಳ ತಾಗಿ ಶಾರ್ಟ್ ಆದರೆ ಒಳಗಿರುವ, ಬ್ಯಾಟರಿ ಚಾರ್ಜ್ ಆಗಲು ಬೇಕಾದ ಡಯೋಡ್ ಬೋರ್ಡ್ ಸುಟ್ಟುಹೋಗುತ್ತದೆ.

ಸ್ವಿಂಗ್‌ಆರ್ಮ್ ಕೈಯಲ್ಲಿದ್ದಾಗ ಅಳತೆ ಹಿಡಿದೆ. ನನ್ನದು ಗಿಡ್ಡ ಮಾದರಿ. ವೇಗದಲ್ಲಿ ಗಾಡಿ ಇನ್ನಷ್ಟು ಸ್ಥಿರವಾಗಿರಲೆಂದು 1973ರ ಮಾದರಿಗಳಿಗೆ ಅದನ್ನು 50 ಮಿಲಿಮೀಟರ್ ಉದ್ದ ಮಾಡಿದರು. ಅವುಗಳ ಸ್ವಿಂಗ್‌ಆರ್ಮಿನಲ್ಲಿ ಆ ತುಂಡು ಸೇರಿಸಿದ ವೆಲ್ಡಿಂಗ್ ಕಣ್ಣಿಗೇ ಕಾಣುತ್ತದೆ. ಆ ಬೆಸುಗೆ ನನಗೆ ಇಷ್ಟ. ತಯಾರಾಗುತ್ತಿದ್ದ ಗಾಡಿಯನ್ನೇ ತಿದ್ದುತ್ತ ಹೋದ ಗುರುತು ಅದು.

ಕೊನೆಗೆ ಉಳಿದದ್ದು ಬಿಂಗ್ ಕಾರ್ಬುರೇಟರುಗಳನ್ನು ಸಮ ಮಾಡುವುದು. ಒಂದು ಪ್ಲಗ್ಗನ್ನು ಅರ್ಥ್ ಮಾಡಿ ಇನ್ನೊಂದು ಸಿಲಿಂಡರಿನಲ್ಲೇ ಎಂಜಿನ್ ಓಡಿಸಿ ಕೇಳುವುದು, ಆಮೇಲೆ ಅದಲು ಬದಲು. ಎರಡೂ ಕಡೆ ಒಂದೇ ಲಯ ಬರಲು ಮಧ್ಯಾಹ್ನವೆಲ್ಲ ಹಿಡಿಯಿತು. ನಿಂತಲ್ಲೇ ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಬಲಕ್ಕೊಮ್ಮೆ ವಾಲುತ್ತದೆ, ಕ್ರ್ಯಾಂಕ್ ಉದ್ದುದ್ದಕ್ಕೆ ಕೂತಿರುವುದರಿಂದ. ಆ ಸಂಜೆ ಹಾಫೆಲ್ ನದಿಯ ಪಕ್ಕದ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಓಡಿಸಿ ಬಂದೆ. ಸಿಲಿಂಡರಿನಡಿ ಹಾಸಿದ ಪೇಪರು ಬೆಳಿಗ್ಗೆ ನೋಡಿದರೂ ಒಣಗಿಯೇ ಇತ್ತು.