ತೀನತಾಳದ ಮೂರು ಆವರ್ತನದಲ್ಲಿ ಸಿಕ್ಕ ಜಾಜ್

ಬೆಳಗಾವಿಯಲ್ಲಿ ಕುಳಿತು ಜಾಜ್ ಕಲಿಯುವುದು ಆಗದ ಮಾತು ಅಂತ, ಕಛೇರಿಗಳಲ್ಲಿ ಪೇಟಿ (ಹಾರ್ಮೋನಿಯಂ) ಸಾಥ್ ಕೊಡುವ ನನಗೆ ನಾಲ್ಕು ವರ್ಷ ಹೇಳಿದರು. ನಮ್ಮ ರವಿವಾರದ ಸಂಗೀತ ಬೈಠಕ್‌ನವರು ಹೇಳಿದರು, ನನ್ನ ಭಾವ ಹೇಳಿದ. ಪುಣೆಯಲ್ಲಿ ಗಿಟಾರ್ ಕಲಿಸುವ ಒಬ್ಬ ಗೆಳೆಯನಂತೂ ಫೋನಿನಲ್ಲಿ ನಕ್ಕ. ಈಗ ಅವನೇ ವಾರಕ್ಕೊಮ್ಮೆ ಫೋನ್ ಮಾಡಿ ಯಾವ ಜಾಜ್ ರೆಕಾರ್ಡ್ ಕೇಳಲಿ ಅಂತ ವಿಚಾರಿಸುತ್ತಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಸುಮಾರು 7,500 ರೂಪಾಯಿ ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ಸೇರಿದೆ. ಮೊದಲ ಪಾಠದಿಂದಲೇ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ ಹೆಸರು. ಮೂರನೇ ಪಾಠಕ್ಕೆ ನಿಂತಿತು. ಆಮೇಲೆ "ಕೇಳಲೇಬೇಕಾದ ನೂರು ರೆಕಾರ್ಡ್" ಅನ್ನುವಂಥ ಪಟ್ಟಿ ಹಿಡಿದುಕೊಂಡು ದಿನಕ್ಕೆ ಎರಡು ಕೇಳಿದೆ. ಎರಡು ತಿಂಗಳಾದ ಮೇಲೆ ಒಂದರ ಹೆಸರೂ ನೆನಪಿರಲಿಲ್ಲ. ಜಾಜ್‌ನೊಂದಿಗೆ ನಮ್ಮ ಸಂಗೀತ ಬೆರೆಸಿದ ಶಕ್ತಿ ತಂಡದಿಂದ ಶುರು ಮಾಡು ಅಂದರು ಕೆಲವರು. ಝಾಕಿರ್ ಭಾಯ್, ವಿಕ್ಕು ವಿನಾಯಕರಾಮ್ ಇದ್ದರಲ್ಲ, ಕೇಳಿದೆ, ಕುಣಿದೆ. ಆದರೆ ಅದು ನಮ್ಮ ಮನೆಗೇ ವಾಪಸ್ ಕರೆದುಕೊಂಡು ಬರುವ ದಾರಿ, ಆ ಕಡೆಗೆ ಹೋಗುವ ದಾರಿ ಅಲ್ಲ. ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು.

ದಾರಿ ಸಿಕ್ಕಿದ್ದು ಒಂದು ಹಳೇ ಎಲ್‌ಪಿಯಿಂದ, ಅದೂ ಬೇರೆಯದೇ ಕಾರಣಕ್ಕೆ. ಮುಂಬೈನ ಚೋರ್ ಬಜಾರಿನಲ್ಲಿ 1,800 ರೂಪಾಯಿಗೆ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಸಿಕ್ಕಿತು. ಮನೆಗೆ ತಂದು, ಪೇಟಿ ಮುಂದಿಟ್ಟುಕೊಂಡು ಮೊದಲ ಹಾಡು 'ಸೋ ವಾಟ್' ಹಚ್ಚಿದೆ. ಸ್ವರ ಕೂಡಲಿಲ್ಲ. ಪೇಟಿಯ ಎರಡನೇ ಬಿಳಿ ಮನೆ, ಅಂದರೆ ಬಿಳಿ ಎರಡಕ್ಕಿಂತ ಮೇಲಿದೆ, ಅದರ ಮುಂದಿನ ಕರಿ ಎರಡಕ್ಕೆ ಮುಟ್ಟಿಲ್ಲ. ಪೇಟಿಯೇ ಇಳಿದಿದೆ ಅಂದುಕೊಂಡು ರಿಪೇರಿಯವರ ಹತ್ತಿರ ಒಯ್ದೆ. ಅವರು ರೀಡ್ ಕೆರೆದು ಟ್ಯೂನ್ ಮಾಡಿ ಕೊಟ್ಟರು, 1,200 ರೂಪಾಯಿ. ಮತ್ತೆ ಕೂಡಲಿಲ್ಲ. ಟರ್ನ್‌ಟೇಬಲ್ ಬೆಲ್ಟ್ ಬದಲಿಸಿದೆ, ಇನ್ನೊಂದು 600. ಆಗಲೂ ಇಲ್ಲ. ಸಿಟ್ಟು ಬಂದು ರೆಕಾರ್ಡ್ ತಿರುಗಿಸಿ ಎರಡನೇ ಬದಿ ಹಾಕಿದೆ. ಪೇಟಿಯ ಜೊತೆ ಕಟ್ಟಿಟ್ಟ ಹಾಗೆ ಕೂಡಿತು!

ಆ ರಾತ್ರಿ ಓದಿ ತಿಳಿದುಕೊಂಡೆ. 1959ರ ಮಾರ್ಚ್ 2ರಂದು ಮೊದಲ ಬದಿಯ ಮೂರು ಹಾಡು ರೆಕಾರ್ಡ್ ಮಾಡುವಾಗ ಟೇಪ್ ಮಷಿನ್ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಹಾಕಿದರೆ ಸ್ವರ ಏರುತ್ತದೆ. ಎರಡನೇ ಬದಿ ಏಪ್ರಿಲ್ 22ರದ್ದು, ಅದು ಸರಿ ಇತ್ತು. ಮೂವತ್ತು ವರ್ಷಕ್ಕೂ ಜಾಸ್ತಿ ಜಗತ್ತು ಏರಿದ ಸ್ವರವನ್ನೇ ಕೇಳಿತು. 1992ರಲ್ಲಿ, ಅದೇ ದಿನ ಪಕ್ಕದಲ್ಲಿ ಓಡಿದ್ದ ಇನ್ನೊಂದು ಮಷಿನ್ನಿನ ಟೇಪ್ ತೆಗೆದು ಸರಿಮಾಡಿದರು. ಪೇಟಿ ಮುಂದಿಟ್ಟುಕೊಳ್ಳುವವರು ಹೊಸ ಆವೃತ್ತಿಯನ್ನೇ ಕೇಳಿ, ಫೋನಿನಲ್ಲಿ ಸಿಗುವುದು ಸಾಮಾನ್ಯವಾಗಿ ಅದೇ. ನನ್ನ 1,800 ದಂಡ ಅಂತ ಮನೆಯವರು ಅಂದರು. ನನಗೆ ಹಾಗನ್ನಿಸಲಿಲ್ಲ. ಯಾವ ಕೋರ್ಸೂ ಹೇಳದ್ದನ್ನು ನನ್ನ ಕಿವಿ ಹೇಳಿತ್ತು. ನಮ್ಮ ಕಿವಿಯಿಂದಲೇ ಇದನ್ನು ಕಲಿಯಬಹುದು ಅಂತ ಅವತ್ತು ಗಟ್ಟಿಯಾಯಿತು.

ಹೊಸ ಆವೃತ್ತಿ ಹಚ್ಚಿ ಕೂತೆ. 'ಸೋ ವಾಟ್' ಅಂದರೆ ಬಿಳಿ ಎರಡನ್ನು ಸ ಮಾಡಿಕೊಂಡ ಕಾಫಿ ಥಾಟ್ (ಕೋಮಲ ಗ, ನಿ ಇರುವ ಸ್ವರಸಾಲು), ಅಷ್ಟೇ. ಅವರು ಡೋರಿಯನ್ ಅನ್ನುತ್ತಾರೆ. ಶುರುವಿನಲ್ಲಿ ಪಿಯಾನೋ, ಬಾಸ್ ಸೇರಿ ಆಲಾಪದ ಹಾಗೆ ಅರ್ಧ ನಿಮಿಷ ನುಡಿಸುತ್ತಾರೆ, ಅಲ್ಲಿ ಎಣಿಸಬೇಡಿ. ತಾಳ ಹಿಡಿದ ಮೇಲೆ ಅವರ 32 ಬಾರ್ (ಬಾರಿಗೆ ನಾಲ್ಕು ಮಾತ್ರೆ) ನಮ್ಮ 16 ಮಾತ್ರೆಯ ತೀನತಾಳದ 8 ಆವರ್ತನ, ಅಂದರೆ ತಾಳದ ಎಂಟು ಪೂರ್ತಿ ಸುತ್ತು. ಮೊದಲ ನಾಲ್ಕು ಬಿಳಿ ಎರಡು. ಐದು, ಆರಕ್ಕೆ ಪೂರ್ತಿ ಕಾಫಿ ಎದ್ದು ಕರಿ ಎರಡಕ್ಕೆ ಹೋಗುತ್ತದೆ. ಏಳು, ಎಂಟಕ್ಕೆ ಕೆಳಗಿಳಿಯುತ್ತದೆ. ತಪ್ಪುವುದು ಇಲ್ಲೇ. ಏಳು, ಎಂಟು ಮುಗಿದು ಮತ್ತೆ ಒಂದರಿಂದ ನಾಲ್ಕು ಅದೇ ಸ್ವರ, ಅಂದರೆ ಸಾಲಾಗಿ ಆರು ಆವರ್ತನ ಏನೂ ಬದಲಾಗುವುದಿಲ್ಲ. ನಾನು ಹತ್ತು ದಿನ ಅಲ್ಲೇ ಬಿದ್ದೆ. ಎದ್ದ ದಿನ ಮಾತ್ರ ಸ್ಯಾಕ್ಸೊಫೋನಿನ ಕೋಲ್ಟ್ರೇನ್ ಎಲ್ಲಿ ಮುಖಡಾ (ಆವರ್ತನದ ಮೊದಲ ಮಾತ್ರೆಯಾದ ಸಮ್‌ಗೆ ತಂದು ಮುಟ್ಟಿಸುವ ಸಾಲು) ಕಟ್ಟುತ್ತಾನೆ, ಎಲ್ಲಿ ಬೇಕಂತಲೇ ದಾಟಿ ಹೋಗುತ್ತಾನೆ ಅನ್ನುವುದು ಕೈಗೆ ಸಿಕ್ಕಿತು.

ಬ್ಲೂಸ್ ಅನ್ನುವ ಹಾಡಿನ ಚೌಕಟ್ಟು ಇನ್ನೂ ಸುಲಭ. 12 ಬಾರ್ ಅಂದರೆ 48 ಮಾತ್ರೆ, ತೀನತಾಳದ ಸರಿಯಾಗಿ ಮೂರು ಆವರ್ತನ. ಅದೇ ರೆಕಾರ್ಡಿನ 'ಫ್ರೆಡ್ಡಿ ಫ್ರೀಲೋಡರ್' ಹಾಕಿ ಎಣಿಸಿ ನೋಡಿ. ಕೈ ತಟ್ಟುವಾಗ ನಾನು ಮೊದಲು ಒಂದು, ಮೂರಕ್ಕೆ ತಟ್ಟುತ್ತಿದ್ದೆ. ಡ್ರಮ್ಮಿನವನು ಕಾಲಲ್ಲಿ ಒತ್ತುವ ಜೋಡಿ ತಾಳ, ಹೈ-ಹ್ಯಾಟ್, "ಚಿಕ್" ಅನ್ನುವುದು ಎರಡು, ನಾಲ್ಕಕ್ಕೆ. ಅದನ್ನು ತಿದ್ದಿಕೊಳ್ಳದೆ ಸ್ವಿಂಗ್, ಅಂದರೆ ಜಾಜ್‌ನ ತೂಗುವ ನಡೆ, ಮೈಗೆ ಹತ್ತುವುದಿಲ್ಲ.

ಇನ್ನು ಮುಂದೆ ಏನು ಕೇಳಬೇಕು ಅನ್ನುವುದು. ಇಲ್ಲೇ ಎಲ್ಲರೂ ಪಟ್ಟಿ ಹುಡುಕುತ್ತಾರೆ. ನಾನು ಪಟ್ಟಿ ಬಿಟ್ಟು ಸಾಥಿದಾರರನ್ನು, ಅಂದರೆ ಪಕ್ಕವಾದ್ಯದವರನ್ನು ಹಿಡಿದೆ. ನಾನೂ ಸಾಥಿಯವನೇ ತಾನೇ. ಮೂವತ್ತು ವರ್ಷದಿಂದ ಕಛೇರಿ ಪತ್ರಿಕೆಯಲ್ಲಿ ನಮ್ಮ ಹೆಸರು ಕೊನೇ ಸಾಲಿನಲ್ಲಿ, ಸಣ್ಣಕ್ಷರದಲ್ಲಿ. ಪಂಡಿತ್ ರಾಮಭಾವು ಬಿಜಾಪುರೆಯವರು ಪೇಟಿಗೆ ಮರ್ಯಾದೆ ತಂದ ಊರು ಇದು, ಇಲ್ಲೇ ಹೀಗೆ. ಜಾಜ್ ರೆಕಾರ್ಡಿನ ಹಿಂದೆ ನೋಡಿದರೆ ಬಾಸ್, ಡ್ರಮ್, ಪಿಯಾನೋ, ಎಲ್ಲರ ಹೆಸರೂ ಇರುತ್ತದೆ. ನನ್ನ ಕಣ್ಣು ತುಂಬಿತು, ನಿಜ ಹೇಳುತ್ತೇನೆ.

ಉದ್ದನೆಯ ಲೆಕ್ಕದ ವಹಿ ತಂದೆ, ಖಡೇ ಬಜಾರಿನಲ್ಲಿ 90 ರೂಪಾಯಿ. ಒಬ್ಬ ಸಾಥಿದಾರನಿಗೆ ಒಂದು ಪುಟ. ಮೊದಲ ಪುಟ 'ಕೈಂಡ್ ಆಫ್ ಬ್ಲೂ'ದಲ್ಲಿ ಬಾಸ್ ನುಡಿಸಿದ ಪಾಲ್ ಚೇಂಬರ್ಸ್. 33 ವರ್ಷಕ್ಕೆ ತೀರಿಕೊಂಡ ಹುಡುಗ, ಎಷ್ಟು ನುಡಿಸಿದ್ದಾನೆ! ಅವನ ಬೆನ್ನು ಹತ್ತಿ 1957ರ 'ಬ್ಲೂ ಟ್ರೇನ್'ಗೆ ಹೋದೆ. ಅಲ್ಲಿ ಟ್ರಂಪೆಟ್ ಲೀ ಮೋರ್ಗನ್, ಆಗ ಅವನಿಗೆ 19. ಅವನ ಪುಟದಿಂದ 'ದಿ ಸೈಡ್‌ವೈಂಡರ್'. ಇನ್ನೊಂದು ಕಡೆ ಚೇಂಬರ್ಸ್‌ನಿಂದಲೇ ಸಾನಿ ಕ್ಲಾರ್ಕ್‌ನ 'ಕೂಲ್ ಸ್ಟ್ರಟಿನ್'. ಒಂದು ರೆಕಾರ್ಡಿಗೆ ಹದಿನೈದು ದಿನ, ಅವಸರವಿಲ್ಲ. ಈಗ 41 ಪುಟ ಆಗಿವೆ. ಪುಟದ ಅಂಚಿನಲ್ಲಿ ನಾನು ಹಾಕುವ ಗುರುತು ಒಂದಿದೆ. ಹೊಸ ರೆಕಾರ್ಡಿನಲ್ಲಿ ಬಾಸ್ ಯಾರದು ಅಂತ ನನಗೆ ಬೇಗ ಗೊತ್ತಾಗುವುದು ಅದರಿಂದಲೇ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ನುಡಿಸುತ್ತಿರುವವರನ್ನು ಹಿಂಬಾಲಿಸಲು ನನಗೆ ಎರಡೇ ಸಾಕಾದವು. ಒಂದು, ನ್ಯೂಜೆರ್ಸಿಯ ನೆವಾರ್ಕಿನ ಡಬ್ಲ್ಯೂಬಿಜಿಒ ರೇಡಿಯೋ, ಇಂಟರ್ನೆಟ್‌ನಲ್ಲಿ ಬರುತ್ತದೆ. ಇನ್ನೊಂದು, ನ್ಯೂಯಾರ್ಕ್ ಗ್ರೀನಿಚ್ ವಿಲೇಜಿನ ಸ್ಮಾಲ್ಸ್ ಕ್ಲಬ್ಬಿನ ನೇರ ಪ್ರಸಾರ. ಅವರ ರಾತ್ರಿ 8 ಅಂದರೆ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ 5.30. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಿಡುತ್ತಾರೆ, ಆಗ 6.30. ಇದು ಗೊತ್ತಿಲ್ಲದೆ ಮೊದಲ ವರ್ಷ ಒಂದು ವಾರ ಕತ್ತಲಲ್ಲಿ ಎದ್ದು ಸುಮ್ನೆ ಕೂತಿದ್ದೆ. ಬೆಳಗಿನ ರಿಯಾಜ್‌ಗೆ ಏಳುವವರಿಗೆ ಇದು ಹೇಳಿಮಾಡಿಸಿದ ಹೊತ್ತು. ಟಿಳಕವಾಡಿಯ ಮಳೆ, ಒಂದು ಕಪ್ ಚಹಾ, ಅಲ್ಲಿ ಯಾರೋ ಇಪ್ಪತ್ತೈದರ ಹುಡುಗಿ ಬಾಸ್ ಮೀಟುತ್ತಿರುತ್ತಾಳೆ. ಅವಳ ಹೆಸರೂ ವಹಿಗೆ.

ನಡುವೆ ಕೆಲವು ಪ್ರಯೋಗ ಮಾಡಿದೆ. 'ಟೇಕ್ ಫೈವ್' ಐದು ಮಾತ್ರೆ ಅಂತ ಹತ್ತು ಮಾತ್ರೆಯ ಝಪತಾಳ ಕೂಡಿಸಿದೆ. ಕೂಡಲಿಲ್ಲ. ಅವರದು 3-2, ನಮ್ಮದು 2-3. ತಬಲಾದ ಠೇಕಾ ಎಳೆದಾಡಿದ ಹಾಗಾಯಿತು. 'ಕೈಂಡ್ ಆಫ್ ಬ್ಲೂ'ದ 'ಆಲ್ ಬ್ಲೂಸ್'ಗೆ ಆರು ಮಾತ್ರೆಯ ದಾದರಾ ಮಾತ್ರ ಚೆನ್ನಾಗಿ ಕೂತಿತು, ಹನ್ನೆರಡು ಆವರ್ತನಕ್ಕೆ ಒಂದು ಸುತ್ತು. ಸುತ್ತುಗಳ ನಡುವೆ ನಾಲ್ಕು ಬಾರ್ ಬರೀ ಸಾಥ್ ನಡೆಯುತ್ತದೆ, ಅದನ್ನು ಎಣಿಸಲು ಮರೆಯಬೇಡಿ. ನಮ್ಮ ಕದ್ರಿ ಗೋಪಾಲನಾಥರು ಅಮೆರಿಕದ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ 2008ರಲ್ಲಿ ಮಾಡಿದ 'ಕಿನ್ಸ್‌ಮೆನ್' ಕೂಡ ಕೇಳಿ. ಆಲ್ಟೊ ಸ್ಯಾಕ್ಸ್‌ಗೆ ಕಿವಿ ಕೂರಲು ನನಗೆ ಅದು ಬಹಳ ಕೆಲಸಕ್ಕೆ ಬಂತು.

ಬೈಠಕ್‌ನಲ್ಲಿ ಜಾಸ್ತಿ ಅನುಮಾನ ಇದ್ದದ್ದು ನಮ್ಮ ತಬಲಾ ಕಾಕಾಗೆ. ವಯಸ್ಸು ಎಪ್ಪತ್ತರ ಮೇಲೆ. "ಇದರಾಗ ಸಮ್ ಎಲ್ಲೈತ್ರೀ ಮಾಸ್ತರ?" ಅಂತ ಪ್ರತಿ ಸಲ ಕೇಳುತ್ತಿದ್ದರು. ಹೋದ ದೀಪಾವಳಿಗೆ ಮನೆಗೆ ಬಂದಾಗ ಕುಂದಾ ತಟ್ಟೆ ಕೈಗಿಟ್ಟು 'ದಿ ಸೈಡ್‌ವೈಂಡರ್' ಹಚ್ಚಿದೆ. ಬ್ಲೂಸ್ ಅಂದರೆ ಮೂರು ಆವರ್ತನ ಅಂತ ಮೊದಲೇ ಹೇಳಿದ್ದೆ, ಇದು 24 ಬಾರ್ ಅಂತ ಹೇಳಿರಲಿಲ್ಲ. ಕಾಕಾ ತೊಡೆ ಮೇಲೆ ತಟ್ಟಿದರು. ಮೂರಕ್ಕೆ ಸುತ್ತು ಮುಗಿಯಲಿಲ್ಲ. ಹುಬ್ಬು ಗಂಟಿಕ್ಕಿದರು. ಇನ್ನೊಂದು ಸುತ್ತು ಕೇಳಿದರು. ತಟ್ಟೆ ಕೆಳಗಿಟ್ಟರು. ಮೂರನೇ ಸುತ್ತಿಗೆ "ಆರು" ಅಂದರು, ಆರನೆಯದು ಮುಗಿದು ಸಮ್ ಬಿದ್ದ ಕಡೆ ಕೈ ಹೊಡೆದರು. ಒಂದು ಮಾತ್ರೆಯೂ ಆಚೀಚೆ ಇಲ್ಲ.

"ತಿರುಗಿ ಹಚ್ರಿ" ಅಂದರು. ಅವತ್ತು ಅದನ್ನು ಐದು ಸಲ ಹಚ್ಚಿದೆ.